ಮಾರ್ಕ್ವೆಜ್ ತೋಳು ಮುರಿದ ಮೇಲೆ ಹೋಂಡಾ ಟೀಮ್‌ಗೆ ಆಗಿದ್ದೇನು?

ಪಿಟ್‌ಲೇನ್ ಬೆಂಗಳೂರು

2019ರಲ್ಲಿ ಹೋಂಡಾ ಬೈಕ್ ರೇಸಿಂಗ್‌ನ ವಿಶ್ವ ಚಾಂಪಿಯನ್‌ಷಿಪ್ ಮೋಟೋಜಿಪಿಯಲ್ಲಿ ಎಂಥ ಎತ್ತರದಲ್ಲಿತ್ತು ಅಂತ ಇಲ್ಲಿರೋ ಬಹುತೇಕರಿಗೆ ಗೊತ್ತು. 19 ರೇಸ್‌ಗಳಲ್ಲಿ ಹೋಂಡಾ ರೈಡರ್ ಮಾರ್ಕ್ ಮಾರ್ಕ್ವೆಜ್ 12 ಗೆದ್ದರು, 6ರಲ್ಲಿ ಎರಡನೇ ಸ್ಥಾನ, ಆಸ್ಟಿನ್‌ನಲ್ಲಿ ಮಾತ್ರ ಬಿದ್ದರು. ಒಟ್ಟು 420 ಪಾಯಿಂಟ್. ರೈಡರ್, ಟೀಮ್, ಕಂಪನಿ ಮೂರೂ ಪಟ್ಟ ಹೋಂಡಾ ಮನೆಗೇ ಬಂದವು. 2020ರ ಫೆಬ್ರವರಿಯಲ್ಲಿ 2024ರ ಕೊನೆಯವರೆಗೂ ಒಪ್ಪಂದ ಆಯ್ತು. ಐದು ತಿಂಗಳು ಕಳೆಯೋದ್ರೊಳಗೆ, ಜುಲೈ 19ಕ್ಕೆ, ಸ್ಪೇನಿನ ಹೆರೆಜ್ ಟ್ರ್ಯಾಕ್‌ನಲ್ಲಿ ಬಿದ್ದು ಅವರ ಬಲ ತೋಳಿನ ಮೂಳೆ ಮುರಿಯಿತು.

ಆಮೇಲಿನ ಲೆಕ್ಕ ನೋಡಿ. 1982ರಿಂದ ದೊಡ್ಡ ಕ್ಲಾಸ್‌ನಲ್ಲಿ (ಮೊದಲು 500 ಸಿಸಿ, ಆಮೇಲೆ ಮೋಟೋಜಿಪಿ) ಪ್ರತಿ ವರ್ಷ ಒಂದಾದರೂ ರೇಸ್ ಗೆಲ್ಲುತ್ತಿದ್ದ ಹೋಂಡಾ 2020ರಲ್ಲಿ ಒಂದನ್ನೂ ಗೆಲ್ಲಲಿಲ್ಲ. 2022ಕ್ಕೆ ಬಂದಾಗ ಆರು ಕಂಪನಿಗಳಲ್ಲಿ ಆರನೇ ಸ್ಥಾನ.

ನನ್ನ ವಾದ ಇಷ್ಟೇ. ಹೋಂಡಾ ಮೊದಲೇ ಹದಗೆಟ್ಟಿತ್ತು, ಆ ಒಂದು ತೋಳು ಅದನ್ನು ಮುಚ್ಚಿಟ್ಟಿತ್ತು. 2019ರ ಟೀಮ್ ಪಟ್ಟದ ಪಾಯಿಂಟ್ ಬಿಡಿಸಿ ನೋಡಿದರೆ ತಿಳಿಯುತ್ತೆ. ಹೋಂಡಾದ ಫ್ಯಾಕ್ಟರಿ ಟೀಮ್ ರೆಪ್ಸಾಲ್ ಹೋಂಡಾ 458, ಅದರಲ್ಲಿ ಮಾರ್ಕ್ವೆಜ್ 420, ಜೊತೆ ರೈಡರ್ ಲೊರೆಂಜೊ 28, ಲೊರೆಂಜೊಗೆ ಗಾಯವಾದಾಗ ಬದಲಿಗೆ ಓಡಿಸಿದ ಸ್ಟೆಫಾನ್ ಬ್ರಾಡ್ಲ್ 10. ಮೂರು ಸಲ ಮೋಟೋಜಿಪಿ ಚಾಂಪಿಯನ್ ಆದ ಲೊರೆಂಜೊ ಅಂಥವರು ಆ ಬೈಕ್ ಮೇಲೆ ಇಡೀ ಸೀಸನ್‌ಗೆ 28 ತಂದರು, ಕೊನೆಗೆ ರೇಸಿಂಗನ್ನೇ ಬಿಟ್ಟರು. ಆಗಲೇ ಯಾರಿಗಾದರೂ ಗಾಬರಿ ಆಗಬೇಕಿತ್ತು. ನಿಮಗೇನನ್ನಿಸುತ್ತೆ?

ಹುಬ್ಬಳ್ಳಿ ಹ್ಯಾಂಡಲ್‌ಬಾರ್

ಅಲ್ರೀ, 12 ರೇಸ್ ಗೆದ್ದ ಬೈಕಿಗೆ ಹದಗೆಟ್ಟಿತ್ತು ಅಂದ್ರ ಹ್ಯಾಂಗ್ರಿ? ಕಂಪನಿಯವರ ಜಾಗಾದಾಗ ನಿಂತು ನೋಡ್ರಿ. ಒಬ್ಬಾಂವ ಬಂದು ಇಂಥಾದ್ದ ಕೊಡ್ರಿ ನನಗ ಅಂತಾನ, ಕೊಡ್ತೀರಿ, ಗೆದ್ದು ಬರ್ತಾನ. ಇನ್ನೊಬ್ಬಾಂವ ಹಿಂದಿನ ಟೈರ್ ಹಿಡ್ಯಾಕ್ ಹತ್ತಿಲ್ಲ ಅಂತಾನ, ಹನ್ನೊಂದನೇದಾಗಿ ಬರ್ತಾನ. ಮುಂದಿನ ವರ್ಷದ ಫ್ರೇಮ್ ಯಾರ ಮಾತ ಕೇಳಿ ಮಾಡ್ತೀರಿ? ಯಾರೇ ಇದ್ರೂ ಗೆದ್ದಾಂವನ ಮಾತ ಕೇಳ್ತಾರ. 2013, 14, 16, 17, 18, 19, ಆರು ಪಟ್ಟ ಕೊಟ್ಟ ದಾರಿ ಅದು. ಹೆರೆಜ್‌ದಾಗ ಬಿದ್ದಾಗ ಬೈಕಿನ ಗಾಲಿ ಅವನ ತೋಳಿಗೆ ಬಡೀದಿದ್ರ 2020ರ ಪಟ್ಟನೂ ಅಲ್ಲೇ ಇರ್ತಿತ್ತು.

ಆ ರೇಸ್ ಮತ್ತ ನೋಡ್ರಿ. ಐದನೇ ಲ್ಯಾಪ್‌ನ್ಯಾಗ ಬಿದ್ದೇ ಬಿಟ್ಟ ಅನ್ನೂದ್ರಾಗ ಉಳಿಸ್ಕೊಂಡ, ಜಲ್ಲಿಗೆ ಹೋದ, 16ನೇದಾಗಿ ತಿರುಗಿ ಬಂದ. ಅಲ್ಲಿಂದ ಒಬ್ಬೊಬ್ಬರನ್ನ ದಾಟಿ ಮೂರನೇದಕ್ಕ ಏರಿದ. ನಾಕು ಲ್ಯಾಪ್ ಉಳಿದಿದ್ದಾಗ ಮೂರನೇ ತಿರುವಿನ್ಯಾಗ ಬೈಕ್ ಎತ್ತಿ ಒಗೀತು. ಆ ದಿನ ಅವನಷ್ಟು ವೇಗ ಬ್ಯಾರೆ ಯಾರಿಗೂ ಇರಲಿಲ್ಲ. ಗೆದ್ದ ಕ್ವಾರ್ತರಾರೊಗೂ ಇರಲಿಲ್ಲ.

ಸ್ಪ್ಯಾನರ್

ಇಬ್ಬರ ಮಾತಿನಲ್ಲೂ ಹುರುಳಿದೆ. ನಾನು ಚೆನ್ನೈ ಮತ್ತು ಕೊಯಮತ್ತೂರು ಟ್ರ್ಯಾಕ್‌ಗಳಲ್ಲಿ ಹಲವು ಸೀಸನ್ ಮೆಕ್ಯಾನಿಕ್ ಆಗಿದ್ದವನು. ಟೀಮ್ ಒಳಗಿನಿಂದ ಇದು ಹೇಗೆ ಕಾಣುತ್ತೆ ಅಂತ ಸ್ವಲ್ಪ ಹೇಳ್ತೀನಿ.

ನಮ್ಮ ಮುಖ್ಯ ರೈಡರ್ ಒಂದು ಸಲ ಶನಿವಾರದ ಪ್ರಾಕ್ಟೀಸ್‌ನಲ್ಲಿ ಬಿದ್ದು ಕಾಲರ್‌ಬೋನ್ ಮುರ್ಕೊಂಡ. ಆಂಬುಲೆನ್ಸ್ ಹೋಯ್ತು, ಬೈಕ್ ಗ್ಯಾರೇಜ್‌ಗೆ ಬಂತು. ಸಂಜೆಯೊಳಗೆ ಬೇರೆ ಹುಡುಗನ್ನ ಕೂರಿಸಬೇಕು. ಕ್ಲಿಪ್‌ಆನ್ (ಹ್ಯಾಂಡಲ್) ಕೋನ, ಬ್ರೇಕ್ ಲಿವರ್ ಬೆರಳಿಗೆ ಎಷ್ಟು ಹತ್ತಿರ, ಗೇರ್ ಪೆಡಲ್ ಎತ್ತರ, ಫುಟ್‌ರೆಸ್ಟ್ ಎಷ್ಟು ಹಿಂದೆ, ಎಲ್ಲಾ ಬಿಚ್ಚಿ ಮತ್ತೆ ಕಟ್ಟಿದ್ವಿ. ಅದು ಒಂದು ಗಂಟೆ ಕೆಲಸ. ಫೋರ್ಕ್ (ಮುಂದಿನ ಸಸ್ಪೆನ್ಷನ್) ವಿಷಯಕ್ಕೆ ಬಂದಾಗ ಸಿಕ್ಕಿಬಿದ್ವಿ. ಮೊದಲಿನವನು ಬ್ರೇಕನ್ನು ತಿರುವಿನ ಒಳಗಿನವರೆಗೂ ಹಿಡಿದೇ ಹೋಗುವವನು, ಅವನಿಗಾಗಿ ಮುಂಭಾಗ ಗಟ್ಟಿ ಇಟ್ಟಿದ್ವಿ. ಹೊಸಬ ನೆಟ್ಟಗಿರುವಾಗಲೇ ಬ್ರೇಕ್ ಮುಗಿಸಿ ಹಗುರವಾಗಿ ತಿರುಗಿಸುವವನು. ಆ ಗಟ್ಟಿ ಫೋರ್ಕ್ ಅವನ ಕೆಳಗೆ ಕೂರ್ತಾನೇ ಇಲ್ಲ, ಬೈಕ್ ತಿರುಗ್ತಾನೇ ಇಲ್ಲ. ವರ್ಷವಿಡೀ ಬರೆದಿಟ್ಟ ಸೆಟ್ಟಿಂಗ್ ಪುಸ್ತಕ ಎದುರಿಗೇ ಇತ್ತು, ಅದರಲ್ಲಿ ಆ ಹುಡುಗನಿಗೆ ಬೇಕಾದ ಒಂದು ಪುಟವೂ ಇರಲಿಲ್ಲ.

ಹೋಂಡಾದಲ್ಲಿ ಆಗಿದ್ದು ಇದೇ, ಎಷ್ಟೋ ಪಟ್ಟು ದೊಡ್ಡದಾಗಿ. ಮಾರ್ಕ್ವೆಜ್ ಕೊನೇ ಕ್ಷಣದವರೆಗೂ ಬ್ರೇಕ್ ಒತ್ತಿ ಮುಂದಿನ ಟೈರ್ ಜಾರೋವರೆಗೂ ಹೋಗ್ತಿದ್ರು, ಜಾರಿದ್ದನ್ನ ಮೊಣಕೈ ಮತ್ತು ಮಂಡಿ ಊರಿ ಎತ್ತುತ್ತಿದ್ರು. ವರ್ಷದಿಂದ ವರ್ಷಕ್ಕೆ ಬೈಕು ಮುಂದಿನ ಟೈರ್ ಮೇಲೇ ನಿಲ್ಲತೊಡಗಿತು. 2020ಕ್ಕೆ ಮಿಶೆಲಿನ್ ಹಿಂದಿನ ಟೈರ್ ಬದಲಾಯಿಸಿತು, ಹೆಚ್ಚು ಹಿಡಿತ. ಹಿಂದಿನ ಟೈರ್ ಜೋರಾಗಿ ತಳ್ಳಿದರೆ ಮುಂದಿನದು ಹೊರಗೆ ಜಾರುತ್ತೆ. ಮುಂಭಾಗವನ್ನೇ ನಂಬಿದ ಬೈಕಿಗೆ ಅದಕ್ಕಿಂತ ಕಷ್ಟ ಇಲ್ಲ. ಅದಕ್ಕೆ ಏನು ಮಾಡಬೇಕು ಅಂತ ಹೇಳಬಲ್ಲ ಮನುಷ್ಯ ಆಸ್ಪತ್ರೆಯಲ್ಲಿದ್ದ.

ಇನ್ನೊಂದು. ಆ ಫೆಬ್ರವರಿಯ ಕತಾರ್ ಟೆಸ್ಟ್‌ನಲ್ಲಿ ಹೊಸ ಬೈಕ್ ಸರಿಯಾಗಿ ತಿರುಗ್ತಿರಲಿಲ್ಲ. 2019ರ ಏರೋ ಬಾಡಿ (ಗಾಳಿಯ ಒತ್ತಡ ಬಳಸೋ ಹೊರಕವಚ) ಹಾಕಿ ನೋಡಿದಾಗಲೇ ತೊಂದರೆ ಎಲ್ಲಿದೆ ಅಂತ ಸುಳಿವು ಸಿಕ್ಕಿದ್ದು. ಚಳಿಗಾಲದಲ್ಲಿ ಬಲ ಭುಜದ ಆಪರೇಷನ್ ಆಗಿ ಇನ್ನೂ ಪೂರ್ತಿ ಚೇತರಿಸಿಕೊಳ್ಳದ ಮಾರ್ಕ್ವೆಜ್ ಅದನ್ನ ಹಿಡಿದರು. ಬೇರೆಯವರಿಗೆ ಹಿಡಿಯೋಕೆ ಎಷ್ಟು ತಿಂಗಳು ಬೇಕಾಗ್ತಿತ್ತೋ. ಅದಕ್ಕೇ ಪಾಯಿಂಟ್ ಹೋಗಿದ್ದನ್ನ ನಾನು ದೊಡ್ಡ ನಷ್ಟ ಅನ್ನಲ್ಲ, ಅದು ಒಂದು ಸೀಸನ್‌ದು. ಬೈಕು ಎತ್ತ ಹೋಗಬೇಕು ಅನ್ನೋ ತೀರ್ಮಾನ ನಿಂತುಹೋದರೆ ಅದು ನಾಲ್ಕೈದು ವರ್ಷ ಕಾಡುತ್ತೆ.

ಪಿಟ್‌ಲೇನ್ ಬೆಂಗಳೂರು

ಸ್ಪ್ಯಾನರ್ ಅಣ್ಣ, ಇಂಥ ಮಾತು ಕೇಳೋಕೇ ಈ ಚರ್ಚೆ ಶುರು ಮಾಡಿದ್ದು. ಒಂದು ಸೇರಿಸ್ತೀನಿ. 2020ರಲ್ಲಿ ಹೋಂಡಾದಲ್ಲಿ ಎಲ್ಲರಿಗಿಂತ ಮೇಲೆ ನಿಂತವರು ಹೋಂಡಾ ಬೈಕ್ ಓಡಿಸೋ ಇನ್ನೊಂದು ಟೀಮ್ ಎಲ್‌ಸಿಆರ್‌ನ ನಕಗಾಮಿ, 116 ಪಾಯಿಂಟ್. ಅವರ ಹತ್ತಿರ ಇದ್ದದ್ದು 2019ರ ಬೈಕು. ಹೊಸದಕ್ಕಿಂತ ಹಳೇದೇ ಚೆನ್ನಾಗಿ ನಡೀತು ಅಂದರೆ ಹೊಸದನ್ನ ತಿದ್ದೋರು ಯಾರೂ ಇರಲಿಲ್ಲ ಅಂತ ತಾನೇ? ಕೋವಿಡ್ ಕಾರಣಕ್ಕೆ ಎಂಜಿನ್ ಬದಲಾವಣೆಗೂ ತಡೆ ಬಿದ್ದಿತ್ತು, 2021ಕ್ಕೂ ಅದೇ ಎಂಜಿನ್.

ಅಲೆಕ್ಸ್ ಮಾರ್ಕ್ವೆಜ್ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಮೋಟೋಜಿಪಿಗೆ ಆಗಷ್ಟೇ ಕಾಲಿಟ್ಟ ಹುಡುಗ, ಅಣ್ಣನ ಪಕ್ಕ ನಿಂತು ಕಲಿಯೋಣ ಅಂತ ಬಂದವನು. ಮೊದಲ ರೇಸ್‌ನಲ್ಲೇ ಅಣ್ಣ ಬಿದ್ದ, ಇಡೀ ಫ್ಯಾಕ್ಟರಿ ಟೀಮ್ ಭಾರ ಅವನ ಹೆಗಲಿಗೆ ಬಂತು. ಆದರೂ ಲ ಮಾನ್‌ನ ಮಳೆಯಲ್ಲಿ ಎರಡನೇ ಸ್ಥಾನ, ಅರಗಾನ್‌ನ ಒಣ ಟ್ರ್ಯಾಕ್‌ನಲ್ಲಿ ಮತ್ತೆ ಎರಡನೇ ಸ್ಥಾನ. ಆ ವರ್ಷ ಹೋಂಡಾಗೆ ಸಿಕ್ಕ ಪೋಡಿಯಂ (ಮೊದಲ ಮೂರರೊಳಗಿನ ಸ್ಥಾನ) ಆ ಎರಡೇ. ಅದಕ್ಕೆ ಸಿಗಬೇಕಾದ ಮೆಚ್ಚುಗೆ ಸಿಗಲಿಲ್ಲ.

ಮೂಳೆ ಮಾತು

ನಾನು ಮೈಸೂರಿನಲ್ಲಿ ಫಿಸಿಯೋಥೆರಪಿಸ್ಟ್, ರೇಸ್ ನೋಡೋ ಹುಚ್ಚು ಅಪ್ಪನಿಂದ ಬಂದದ್ದು. ಎಲ್ಲರೂ ಬೈಕ್ ಬಗ್ಗೆ ಮಾತಾಡ್ತಿದ್ದೀರಿ, ತೋಳಿಗೆ ಏನಾಯ್ತು ಅನ್ನೋದನ್ನ ಯಾರೂ ಎತ್ತಿಲ್ಲ. ಟೀಮ್ ಹಾಳಾದ ಕಥೆ ಆ ಎರಡು ವಾರದಲ್ಲೇ ಇದೆ.

ಬಿದ್ದದ್ದು ಭಾನುವಾರ. ಮಂಗಳವಾರ ಬಾರ್ಸಿಲೋನಾದಲ್ಲಿ ಆಪರೇಷನ್, ಟೈಟೇನಿಯಂ ಪ್ಲೇಟು, 12 ಸ್ಕ್ರೂ. ತೋಳಿನ ಮೂಳೆಗೆ ಸುತ್ತಿಕೊಂಡು ಹೋಗುವ ರೇಡಿಯಲ್ ನರಕ್ಕೆ ಪೆಟ್ಟಾಗಿರಲಿಲ್ಲ, ಅದು ದೊಡ್ಡ ಪುಣ್ಯ. ಆ ನರ ಹೋದರೆ ಮಣಿಕಟ್ಟು ಎತ್ತೋಕೇ ಆಗಲ್ಲ. ಗುರುವಾರ ಅದೇ ಹೆರೆಜ್‌ನಲ್ಲಿ ವೈದ್ಯಕೀಯ ಪರೀಕ್ಷೆ ಪಾಸು. ಶನಿವಾರ, ಅಂದರೆ ಆಪರೇಷನ್ ಆದ ನಾಲ್ಕನೇ ದಿನ, ಅದೇ ಬೈಕ್ ಹತ್ತಿದರು. ಎರಡು ಪ್ರಾಕ್ಟೀಸ್ ಓಡಿಸಿ, ಕ್ವಾಲಿಫೈಯಿಂಗ್‌ನಲ್ಲಿ ಆಗಲ್ಲ ಅಂತ ವಾಪಸ್ ಬಂದರು.

ಪ್ಲೇಟ್ ಹಾಕಿದರೆ ಮೂಳೆ ಕೂಡಿತು ಅಂತ ನನ್ನ ಹತ್ತಿರ ಬರೋ ಪೇಷಂಟ್‌ಗಳೂ ತಿಳ್ಕೊಂಡಿರ್ತಾರೆ. ಮೂಳೆ ಕೂಡೋದಕ್ಕೆ ವಾರಗಟ್ಟಲೆ, ತಿಂಗಳುಗಟ್ಟಲೆ ಬೇಕು. ಅಲ್ಲಿವರೆಗೆ ಎರಡು ತುಂಡನ್ನ ಜೋಡಿಸಿ ಹಿಡಿದಿರೋದು ಲೋಹ ಮಾತ್ರ. ಮೂಳೆ ಹೊರಬೇಕಾದ ಭಾರ ಪ್ರತಿ ಸಲವೂ ಲೋಹದ ಮೇಲೇ ಬೀಳುತ್ತೆ, ಲೋಹಕ್ಕೂ ದಣಿವು ಅನ್ನೋದಿದೆ. 300 ಕಿಲೋಮೀಟರ್ ವೇಗದಿಂದ ಬ್ರೇಕ್ ಒತ್ತುವಾಗ ಮೈ ಭಾರವೆಲ್ಲ ಎರಡು ತೋಳಿನ ಮೇಲೆ ಬರುತ್ತೆ. ಅಂಥದ್ದನ್ನ ನಾಲ್ಕನೇ ದಿನಕ್ಕೆ! ಆಮೇಲೆ ಮನೆಯಲ್ಲಿ ಬಾಗಿಲು ಸರಿಸುವಾಗ ಪ್ಲೇಟ್ ಕೈಕೊಟ್ಟಿತು. ಆಗಸ್ಟ್ 3ಕ್ಕೆ ಎರಡನೇ ಆಪರೇಷನ್. ಮೂಳೆ ಆಗಲೂ ಕೂಡಲಿಲ್ಲ. ಡಿಸೆಂಬರ್ 3ಕ್ಕೆ ಮ್ಯಾಡ್ರಿಡ್‌ನಲ್ಲಿ ಎಂಟು ಗಂಟೆಯ ಮೂರನೇ ಆಪರೇಷನ್, ಸೊಂಟದ ಮೂಳೆಯ ತುಣುಕು ತೆಗೆದು ತೋಳಿಗೆ ಕಸಿ. ಒಳಗೆ ಸೋಂಕೂ ಇತ್ತು ಅಂತ ಆಗ ಗೊತ್ತಾಯ್ತು.

ನನ್ನ ಪ್ರಶ್ನೆ, ಆ ಶನಿವಾರ ಬೇಡ ಅನ್ನಬೇಕಾದವರು ಯಾರು?

ಹುಬ್ಬಳ್ಳಿ ಹ್ಯಾಂಡಲ್‌ಬಾರ್

ಮೇಡಂ, ಅಂವ ಕೇಳಾಂವ ಅಲ್ಲರಿ. ಅವಸರ ಮಾಡಿದ್ದು ತಪ್ಪಾತು ಅಂತ ಆಮ್ಯಾಲ ತಾನ ಹೇಳ್ಯಾನ. ಆದ್ರ ಆ ಹೊತ್ತಿಗೆ ಯಾರ ತಡದಿದ್ರೂ ಬೈಕ್ ಹತ್ತಾಂವನ. ಚಾಂಪಿಯನ್ ಆಗೂದು ಅಂಥಾ ಹಟ ಇದ್ದಾಗನ.

ಮೂಳೆ ಮಾತು

ಅದನ್ನ ನಾನು ಒಪ್ಪಲ್ಲ ಸರ್. ರೇಸರ್ ಯಾವತ್ತೂ ಓಡಿಸ್ತೀನಿ ಅಂತಲೇ ಹೇಳ್ತಾನೆ, ಹೇಳದಿದ್ದರೆ ಅವನು ರೇಸರ್ ಅಲ್ಲ. ಅದಕ್ಕೇ ತೀರ್ಮಾನ ಅವನ ಕೈಯಲ್ಲಿ ಇರಬಾರದು. ಟೀಮ್ ಮ್ಯಾನೇಜರ್ ಇದ್ದಾರೆ, ಡಾಕ್ಟರ್ ಇದ್ದಾರೆ, ಸರ್ಕ್ಯೂಟ್ ವೈದ್ಯರಿದ್ದಾರೆ. ಬೈಕ್ ಕೀಲಿ ಟೀಮ್ ಹತ್ತಿರ ಇದೆ. ಈ ಶನಿವಾರ ಗ್ಯಾರೇಜ್ ಬಾಗಿಲು ತೆಗೆಯಲ್ಲ ಅಂತ ಹೇಳೋ ಧೈರ್ಯ ಒಬ್ಬರಿಗೂ ಬರಲಿಲ್ಲ. ಯಾಕೆ ಬರಲಿಲ್ಲ ಅನ್ನೋದಕ್ಕೆ ಉತ್ತರ ಸ್ಪ್ಯಾನರ್ ಸರ್ ಬರೆದದ್ದರಲ್ಲೇ ಇದೆ. ಅವನಿಲ್ಲದೆ ಆ ಟೀಮ್‌ಗೆ ಏನೂ ಉಳಿದಿರಲಿಲ್ಲ. ಯಾರ ಮೇಲೆ ಎಲ್ಲವೂ ನಿಂತಿದೆಯೋ ಅವನಿಗೆ ಬೇಡ ಅನ್ನೋಕೆ ಯಾರಿಗೂ ನಾಲಿಗೆ ಏಳಲ್ಲ.

2022ರಲ್ಲಿ ಏನಾಯ್ತು ನೋಡಿ. ಕೂಡಿದ ಮೂಳೆ ಸುಮಾರು 34 ಡಿಗ್ರಿ ತಿರುಚಿಕೊಂಡೇ ಕೂಡಿತ್ತು ಅಂತ ತಿಳಿಯಿತು. ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಜೂನ್ 2ರಂದು ಮೂಳೆಯನ್ನ ಮತ್ತೆ ಕತ್ತರಿಸಿ, ತಿರುಗಿಸಿ, ಜೋಡಿಸಿದರು. ನಾಲ್ಕನೇ ಆಪರೇಷನ್. ಅಂದರೆ 2021ರಲ್ಲಿ ಗೆದ್ದ ಮೂರು ರೇಸೂ ತಿರುಚಿದ ತೋಳಿನಿಂದ! ಜರ್ಮನಿಯ ಸಾಕ್ಸೆನ್‌ರಿಂಗ್ ಟ್ರ್ಯಾಕ್‌ನಲ್ಲಿ 10 ಎಡ ತಿರುವು, 3 ಬಲ ತಿರುವು. ಬಲ ತೋಳಿಗೆ ಅಲ್ಲಿ ಕೆಲಸ ಕಡಿಮೆ. 581 ದಿನಗಳ ನಂತರದ ಮೊದಲ ಗೆಲುವು ಅಲ್ಲೇ ಬಂದದ್ದು ಸುಮ್ಮನೆ ಅಲ್ಲ.

ಸ್ಪ್ಯಾನರ್

ಮೇಡಂ ಹೇಳಿದ್ದನ್ನ ಎಂಜಿನಿಯರ್ ಕಣ್ಣಿನಿಂದ ನೋಡಿ. ತೋಳು ತಿರುಚಿದ್ದರೆ ಬೈಕ್ ಮೇಲೆ ಕೂರೋ ಭಂಗಿಯೇ ಬೇರೆ. ಬಲ ತಿರುವಿನಲ್ಲಿ ಮೊಣಕೈ ಇಳಿಯೋದಿಲ್ಲ, ಭುಜ ಎತ್ತಿ ಸರಿದೂಗಿಸ್ತಾನೆ, ಬೆನ್ನು ಬಿಗಿಯಾಗುತ್ತೆ. ಆಗ ಅವನು ಬೈಕ್ ಬಲಕ್ಕೆ ತಿರುಗ್ತಿಲ್ಲ ಅಂದರೆ ಅದು ಬೈಕಿನ ದೋಷವೋ ತೋಳಿನ ದೋಷವೋ? ಸ್ವತಃ ಅವನಿಗೂ ಗೊತ್ತಾಗಲ್ಲ. ಎರಡು ವರ್ಷ ಹೋಂಡಾ ಕೇಳಿಸಿಕೊಂಡದ್ದು ಗಾಯಗೊಂಡ ಮೈಯ ವರದಿ. ಅದರ ಮೇಲೆ 2022ರ ಬೈಕನ್ನ ಬುಡದಿಂದ ಬದಲಾಯಿಸಿದರು, ಹಿಂಭಾಗಕ್ಕೆ ಹಿಡಿತ ಬರಲಿ ಅಂತ. ಈಗ ಮಾರ್ಕ್ವೆಜ್‌ಗೆ ಮುಂಭಾಗದ ನಂಬಿಕೆ ಹೋಯ್ತು, ಬೇರೆಯವರಿಗೂ ಒಗ್ಗಲಿಲ್ಲ. ಆ ವರ್ಷ ಹೋಂಡಾ ಒಟ್ಟು ಪೋಡಿಯಂ ಎರಡು, ಕತಾರ್‌ನಲ್ಲಿ ಪೋಲ್ ಎಸ್ಪರ್ಗರೊ ಮೂರನೇದು, ಫಿಲಿಪ್ ಐಲೆಂಡ್‌ನಲ್ಲಿ ಮಾರ್ಕ್ವೆಜ್ ಎರಡನೇದು.

ಅದೇ ಸಾಕ್ಸೆನ್‌ರಿಂಗ್‌ನಲ್ಲಿ 2022ರ ಜೂನ್‌ನಲ್ಲಿ ಮಾರ್ಕ್ವೆಜ್ ಇರಲಿಲ್ಲ. ಒಬ್ಬ ಹೋಂಡಾ ರೈಡರ್‌ಗೂ ಪಾಯಿಂಟ್ ಸಿಗಲಿಲ್ಲ. 40 ವರ್ಷದಲ್ಲಿ ಮೊದಲ ಸಲ.

ಕರಾವಳಿ ಕ್ಲಚ್

ಬ್ರಾಡ್ಲ್ ಬಗ್ಗೆ ಯಾರೂ ಹೇಳ್ಲಿಲ್ಲ ಮಾರಾಯ್ರೇ. 2011ರಲ್ಲಿ ಮೋಟೋಜಿಪಿಗಿಂತ ಒಂದು ಮೆಟ್ಟಿಲು ಕೆಳಗಿನ ಮೋಟೋ2 ಪಟ್ಟಕ್ಕೆ ಮಾರ್ಕ್ವೆಜ್ ಜೊತೆ ಜಿದ್ದಿಗೆ ಬಿದ್ದದ್ದು ಇದೇ ಬ್ರಾಡ್ಲ್. ಸೆಪಾಂಗ್‌ನಲ್ಲಿ ಮಾರ್ಕ್ವೆಜ್ ಬಿದ್ದು ಕಣ್ಣಿಗೆ ಒಂದು ಎರಡಾಗಿ ಕಾಣ್ಲಿಕ್ಕೆ ಶುರುವಾಯ್ತು, ಪಟ್ಟ ಬ್ರಾಡ್ಲ್‌ಗೆ ಹೋಯ್ತು. ಅದೇ ಕಣ್ಣಿನ ತೊಂದರೆ 2021ರ ಕೊನೆಗೆ ತರಬೇತಿಯಲ್ಲಿ ಬಿದ್ದಾಗ ಮತ್ತೆ ಬಂತು, 2022ರ ಮಾರ್ಚ್‌ನಲ್ಲಿ ಮಂಡಲಿಕಾದಲ್ಲಿ ಇನ್ನೊಮ್ಮೆ. ಪ್ರತಿ ಸಲ ಅವನ ಜಾಗದಲ್ಲಿ ಕೂತದ್ದು ಟೆಸ್ಟ್ ರೈಡರ್ ಆಗಿದ್ದ ಬ್ರಾಡ್ಲ್.

ಬದಲಿ ರೈಡರ್ ಕಷ್ಟ ಯಾರಿಗೂ ಕಾಣುದಿಲ್ಲ. ಬೇರೆಯವನ ಮೆಕ್ಯಾನಿಕ್‌ಗಳು, ಬೇರೆಯವನ ಸೆಟ್ಟಿಂಗ್. ಇವತ್ತು ಹೊಸ ಸ್ವಿಂಗ್‌ಆರ್ಮ್ (ಹಿಂದಿನ ಗಾಲಿ ಹಿಡಿಯುವ ಭಾಗ) ಹಾಕಿ ನೋಡು, ನಾಳೆ ಹಳೇದು ಹಾಕಿ ನೋಡು ಅಂತ ರೇಸ್ ವಾರಾಂತ್ಯದಲ್ಲೂ ಪರೀಕ್ಷೆ ಮಾಡಿಸ್ತಾರೆ. ಕ್ರೂ ಚೀಫ್ (ಮೆಕ್ಯಾನಿಕ್‌ಗಳ ಮುಖ್ಯಸ್ಥ) ಸಾಂತಿ ಹೆರ್ನಾಂಡೆಜ್ 2011ರಿಂದ ಮಾರ್ಕ್ವೆಜ್ ಜೊತೆ ಇದ್ದವರು. ಒಬ್ಬನ ಮುಖ ನೋಡಿಯೇ ಸ್ಪ್ರಿಂಗ್ ಬದಲಾಯಿಸುವಷ್ಟು ಬಳಕೆ ಇದ್ದವರಿಗೆ ಇನ್ನೊಬ್ಬನ ಜೊತೆ ಮೊದಲಿಂದ ಶುರು ಮಾಡುದು ಅಂದ್ರೆ ಸುಲಭ ಉಂಟಾ?

ನಮ್ಮ ಉಡುಪಿಯ ಕೆ.ಪಿ. ಅರವಿಂದ್ ದೆಸೆಯಿಂದ ನಾನು ಮರುಭೂಮಿ ರ‍್ಯಾಲಿ ಡಾಕಾರ್ ನೋಡುವವ. ಅಲ್ಲಿ ಟೀಮ್‌ಗೆ ಬೀಳುವ ಪೆಟ್ಟು ಇನ್ನೂ ಹತ್ತಿರದ್ದು. 2020ರ ಜನವರಿಯಲ್ಲಿ ಹೀರೋ ಟೀಮ್‌ನ ಪೌಲೊ ಗೊನ್ಸಾಲ್ವಿಸ್ ಓಟದಲ್ಲೇ ತೀರಿಕೊಂಡರು, ಟೀಮ್ ಉಳಿದ ಓಟವನ್ನೇ ಬಿಟ್ಟಿತು. ಮರು ವರ್ಷ ಅದೇ ಟೀಮ್‌ನ ಬೆಂಗಳೂರಿನ ಸಿ.ಎಸ್. ಸಂತೋಷ್ ನಾಲ್ಕನೇ ಹಂತದಲ್ಲಿ ಬಿದ್ದು ತಲೆಗೆ ಪೆಟ್ಟಾಗಿ, ರಿಯಾದ್ ಆಸ್ಪತ್ರೆಯಲ್ಲಿ ಪ್ರಜ್ಞೆ ತಪ್ಪಿಸಿ ಮಲಗಿಸಿದ್ರು. ಆ ಸಲ ಉಳಿದ ಇಬ್ಬರು ಓಡಿಸಿ ಮುಗಿಸಿದ್ರು. ಅದರಲ್ಲಿ ಒಬ್ಬರು ಜೊವಾಕಿಂ ರೊಡ್ರಿಗಸ್, ಗೊನ್ಸಾಲ್ವಿಸ್ ಅವರ ಭಾವಮೈದ. ಅದೇ ರೊಡ್ರಿಗಸ್ 2022ರಲ್ಲಿ ಒಂದು ಹಂತ ಗೆದ್ದರು, ಭಾರತದ ಕಂಪನಿ ಟೀಮ್‌ಗೆ ಡಾಕಾರ್‌ನಲ್ಲಿ ಸಿಕ್ಕ ಮೊದಲ ಹಂತದ ಗೆಲುವು ಅದು. ಸಂತೋಷ್ ಅವರ ಸುದ್ದಿಗೆ ಆ ವಾರ ಎಷ್ಟು ಜನ ಕಾದಿದ್ದೆವು ಅಂತ ಇಲ್ಲಿದ್ದ ಹಳಬರಿಗೆ ನೆನಪಿರ್ಬಹುದು.

ಪಿಟ್‌ಲೇನ್ ಬೆಂಗಳೂರು

ನೆನಪಿದೆ. ಆಫೀಸಿನಲ್ಲಿ ಮೀಟಿಂಗ್ ಮಧ್ಯೆ ಫೋನ್ ತೆಗೆದು ತೆಗೆದು ನೋಡ್ತಿದ್ದೆ.

ಹಳೇ 500 ಸಿಸಿ

ಇಲ್ಲಿರುವ ಮಕ್ಕಳಿಗೆ 90ರ ದಶಕದ ಮಾತು ಹೇಳಬೇಕು, ಅದರಲ್ಲಿ ಈ ಚರ್ಚೆಗೆ ಬೇಕಾದ ಉತ್ತರ ಇದೆ.

1992, ಆಸೆನ್. ಹೋಂಡಾದ ಮಿಕ್ ಡೂಹಾನ್ 65 ಪಾಯಿಂಟ್ ಮುಂದಿದ್ದಾಗ ಬಿದ್ದು ಕಾಲು ಮುರಿದುಕೊಂಡ. ಚಿಕಿತ್ಸೆ ಕೆಟ್ಟು ಕಾಲೇ ಕತ್ತರಿಸುವ ಹಂತಕ್ಕೆ ಬಂತು. ಡಾಕ್ಟರ್ ಕೋಸ್ಟಾ ಅವನನ್ನು ಇಟಲಿಗೆ ಕರೆದೊಯ್ದು, ಆರೋಗ್ಯವಾಗಿದ್ದ ಕಾಲಿನಿಂದ ರಕ್ತ ಹರಿಯಲಿ ಅಂತ ಎರಡು ಕಾಲನ್ನೂ ಸೇರಿಸಿ ಹೊಲಿದರು. ಕೊನೆಯ ಎರಡು ರೇಸಿಗೆ ಬಂದ, ಪಟ್ಟ 4 ಪಾಯಿಂಟಿನಿಂದ ಕೈತಪ್ಪಿತು. 1994ರಿಂದ 98ರವರೆಗೆ ಸತತ ಐದು ಪಟ್ಟ ಅದೇ ಡೂಹಾನ್‌ನದ್ದು. 1999ರಲ್ಲಿ ಹೆರೆಜ್‌ನಲ್ಲೇ ಮತ್ತೆ ಬಿದ್ದು ಅವನ ಬದುಕಿನ ರೇಸಿಂಗ್ ಮುಗಿಯಿತು. ಆದರೆ ಆ ವರ್ಷದ ಪಟ್ಟ ಯಾರಿಗೆ? ಅದೇ ರೆಪ್ಸಾಲ್ ಹೋಂಡಾದ ಅಲೆಕ್ಸ್ ಕ್ರಿವಿಯೆಗೆ. ಟೀಮ್ ಕದಲಲಿಲ್ಲ, ಏಕೆಂದರೆ ಪಕ್ಕದ ಬೈಕಿನಲ್ಲಿ ವರ್ಷಗಳಿಂದ ಡೂಹಾನ್‌ಗೆ ಪೈಪೋಟಿ ಕೊಡುತ್ತಿದ್ದವನು ಕೂತಿದ್ದ.

1993, ಮಿಸಾನೊ. ಯಮಹಾದ ವೇಯ್ನ್ ರೇನಿ, ಸತತ ಮೂರು ಸಲದ ಚಾಂಪಿಯನ್, ಪಟ್ಟಿಯಲ್ಲೂ ಮುಂದೆ, ಆ ರೇಸಿನಲ್ಲೂ ಮುಂದೆ. ಬಿದ್ದು ಬೆನ್ನುಮೂಳೆ ಮುರಿಯಿತು, ಎದೆಯಿಂದ ಕೆಳಗೆ ಸ್ವಾಧೀನ ಹೋಯಿತು. ದೊಡ್ಡ ಕ್ಲಾಸ್‌ನಲ್ಲಿ ಯಮಹಾ ಮುಂದಿನ ರೈಡರ್ ಪಟ್ಟ ನೋಡಿದ್ದು 2004ರಲ್ಲಿ, ರೊಸ್ಸಿ ಬಂದ ಮೇಲೆ. ಅಷ್ಟು ವರ್ಷ! ರೇನಿಯ ಆ ಭಾನುವಾರ ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ.

ಹುಬ್ಬಳ್ಳಿ ಹ್ಯಾಂಡಲ್‌ಬಾರ್

500 ಸಿಸಿ ಸರ್, ಛಲೋ ಹೇಳಿದ್ರಿ. ಆದ್ರ 99ರಾಗಿನ ಬೈಕ್ ನಾಕೈದು ಮಂದಿಗೆ ಒಗ್ಗತಿತ್ತು. 2020ರಾಗ ಹೋಂಡಾ ಬಾಜೂಕ ಇನ್ನೊಬ್ಬ ಕ್ರಿವಿಯೆನ್ನ ಕೂರಿಸಿದ್ರೂ ಅಂವ ಏನ್ ಮಾಡ್ತಿದ್ದ? ಲೊರೆಂಜೊ ಕಡೆ ಆಗಲಿಲ್ಲ. 2023ರಾಗ ಯೊವಾನ್ ಮೀರ್ ಬಂದ, 2020ರ ಚಾಂಪಿಯನ್, ಅವನೂ ಬರೇ ಬಿದ್ದ. ಸುಜುಕಿಯಿಂದ ಎಂಜಿನಿಯರ್ ಕವಾವುಚಿಯನ್ನ ಕರ್ಕೊಂಡ್ ಬಂದ್ರು, ಹೊರಗಿನ ಕಾಲೆಕ್ಸ್ ಕಂಪನಿ ಫ್ರೇಮ್ ಹಾಕಿದ್ರು. ಎಲ್‌ಸಿಆರ್ ಹೋಂಡಾದ ರಿನ್ಸ್ ಆಸ್ಟಿನ್‌ದಾಗ ಒಂದು ಗೆದ್ದ, ಜೂನ್‌ದಾಗ ಮುಜೆಲ್ಲೊದೊಳಗ ಅವನ ಕಾಲೂ ಮುರೀತು. ಬೈಕ್ ಹಾದಿ ತಪ್ಪಿದ ಮ್ಯಾಲ ಅದನ್ನ ದುಡಿಸಾಕ್ ಹೋದವರೆಲ್ಲ ದವಾಖಾನಿ ಸೇರಿದ್ರು. ಒಬ್ಬನ ಗಾಯ ಉಳಿದವರಿಗೂ ಗಾಯ ತಂತು.

ಕರಾವಳಿ ಕ್ಲಚ್

ಅದು ಹೌದು. 2023ರ ಸೆಪ್ಟೆಂಬರ್‌ನಲ್ಲಿ ಬುದ್ಧ ಸರ್ಕ್ಯೂಟ್‌ಗೆ ಹೋಗಿದ್ದೆ. ಶನಿವಾರದ ಸ್ಪ್ರಿಂಟ್‌ನಲ್ಲಿ (ಕಿರು ರೇಸ್) ಮಾರ್ಕ್ವೆಜ್ ಮೂರನೇದು ಬಂದಾಗ ಸ್ಟ್ಯಾಂಡ್ ಇಡೀ ಎದ್ದು ನಿಂತಿತು. ಭಾನುವಾರ ಬಿದ್ದು, ಎದ್ದು, ಒಂಬತ್ತನೇದಾಗಿ ಬಂದ. ಬೈಕಿನ ಮುಂಭಾಗ ನಡುಗುದು ಸ್ಟ್ಯಾಂಡ್‌ನಿಂದಲೇ ಬರಿಗಣ್ಣಿಗೆ ಕಾಣ್ತಿತ್ತು. ಅದೇ ವರ್ಷ ಸಾಕ್ಸೆನ್‌ರಿಂಗ್‌ನಲ್ಲಿ ಒಂದೇ ವಾರಾಂತ್ಯದಲ್ಲಿ ಐದು ಸಲ ಬಿದ್ದು, ಹೆಬ್ಬೆರಳು ಮುರ್ಕೊಂಡು, ಭಾನುವಾರದ ರೇಸ್ ಬಿಟ್ಟ. ತಾನು ವರ್ಷಾನುಗಟ್ಟಲೆ ಆಳಿದ ಟ್ರ್ಯಾಕ್. ಅಕ್ಟೋಬರ್‌ನಲ್ಲಿ ಒಪ್ಪಂದ ಒಂದು ವರ್ಷ ಬಾಕಿ ಇರುವಾಗಲೇ ಹೋಂಡಾ ಬಿಟ್ಟ. 1995ರಿಂದ ಜೊತೆಗಿದ್ದ ಪ್ರಾಯೋಜಕ ಕಂಪನಿ ರೆಪ್ಸಾಲ್ 2024ರ ಕೊನೆಗೆ ಹೋಯ್ತು. ಗಾಯದ ಬಿಲ್ಲು ಯಾವ ಯಾವ ಮೇಜಿಗೆ ಬರ್ತದೆ ನೋಡಿ.

ಪಿಟ್‌ಲೇನ್ ಬೆಂಗಳೂರು

ಈಚಿನ ಉದಾಹರಣೆ ಇಡ್ತೀನಿ. 2024ರ ಚಾಂಪಿಯನ್ ಹೊರ್ಹೆ ಮಾರ್ಟಿನ್ 1ನೇ ನಂಬರ್ ಹೊತ್ತು ಎಪ್ರಿಲಿಯಾಗೆ ಬಂದರು. 2025ರ ಫೆಬ್ರವರಿಯ ಸೆಪಾಂಗ್ ಟೆಸ್ಟ್‌ನ ಮೊದಲ ದಿನವೇ ಬಿದ್ದರು, ಆಮೇಲೆ ತರಬೇತಿಯಲ್ಲಿ ಬಿದ್ದರು, ಏಪ್ರಿಲ್‌ನಲ್ಲಿ ಕತಾರ್‌ನಲ್ಲಿ ಬಿದ್ದು 11 ಕಡೆ ಪಕ್ಕೆಲುಬು ಮುರಿದು ಶ್ವಾಸಕೋಶಕ್ಕೂ ಪೆಟ್ಟು. ನಡುವೆ ಟೀಮ್ ಬಿಡ್ತೀನಿ ಅನ್ನೋ ಜಗಳ ಬೇರೆ. ಹೋಂಡಾ ಥರವೇ ಮುಳುಗಬೇಕಿತ್ತು. ಆದರೆ ಮೇ ತಿಂಗಳಲ್ಲಿ ಸಿಲ್ವರ್‌ಸ್ಟೋನ್‌ನಲ್ಲಿ ಅದೇ ಟೀಮ್‌ನ ಬೆಜ್ಜೆಕ್ಕಿ ಗೆದ್ದರು, ಸೀಸನ್ನಿನ ಕೊನೆಯ ಎರಡು ರೇಸೂ ಗೆದ್ದು ಪಟ್ಟಿಯಲ್ಲಿ ಮೂರನೇದು ಬಂದರು. ಕಂಪನಿಗಳಲ್ಲಿ ಎಪ್ರಿಲಿಯಾ ಎರಡನೇದು. ಮಾರ್ಟಿನ್ ಆ ಬೈಕನ್ನ ತನ್ನ ಮೈಗೆ ಹೊಂದಿಸಿಕೊಳ್ಳೋಕೆ ಶುರುವೇ ಮಾಡಿರಲಿಲ್ಲ, ಹಾಗಾಗಿ ಅದು ಯಾರೊಬ್ಬರದ್ದೂ ಆಗಿರಲಿಲ್ಲ. ನನ್ನ ಮೊದಲ ವಾದಕ್ಕೆ ಇದಕ್ಕಿಂತ ಪುರಾವೆ ಬೇಡ ಅನ್ಸುತ್ತೆ.

ಮೂಳೆ ಮಾತು

ಅದೇ ವರ್ಷ ಮಾರ್ಕ್ವೆಜ್ ಡುಕಾಟಿಯಲ್ಲಿ ಮೊಟೇಗಿಯಲ್ಲೇ ಪಟ್ಟ ಖಚಿತ ಮಾಡಿಕೊಂಡರು. ಮುಂದಿನ ವಾರವೇ ಮಂಡಲಿಕಾದಲ್ಲಿ ಬೆಜ್ಜೆಕ್ಕಿ ಹಿಂದಿನಿಂದ ತಗುಲಿ ಬಿದ್ದರು. ಮತ್ತೆ ಬಲಗಡೆಯೇ, ಭುಜ. ಈ ಸಲ ಸೀಸನ್ ಮುಗಿಯೋವರೆಗೂ ಬೈಕ್ ಹತ್ತಲಿಲ್ಲ. ಮೊದಲು ಆಪರೇಷನ್ ಇಲ್ಲದೆ ವಾಸಿಯಾಗುತ್ತಾ ಅಂತ ಕಾದು, ಆಗಲ್ಲ ಅಂತ ಗೊತ್ತಾದ ಮೇಲೆ ಮಾಡಿಸಿಕೊಂಡರು. ಪಟ್ಟ ಕೈಯಲ್ಲಿದ್ದದ್ದರಿಂದ ಸುಲಭವಾಯ್ತು ಅಂತ ನೀವು ಅನ್ನಬಹುದು. ಆದರೂ ಒಬ್ಬ ಚಿಕಿತ್ಸಕಿಯಾಗಿ ಅದನ್ನ ನೋಡಿ ನನಗೆ ತುಂಬಾ ಸಮಾಧಾನವಾಯ್ತು.

ಹುಬ್ಬಳ್ಳಿ ಹ್ಯಾಂಡಲ್‌ಬಾರ್

ಸಮಾಧಾನ ಆಗೂ ಮಾತ ಐತ್ರಿ ಮೇಡಂ. ಆದ್ರ ಡುಕಾಟಿ ಫ್ಯಾಕ್ಟರಿ ಟೀಮ್ ನೋಡ್ರಿ, ಅಂವ ಹೋದ ಮ್ಯಾಲ ಬಾಜೂಕಿನ ಬನ್ಯಾಯಾ ಮುಂದಿನ ಭಾನುವಾರದ ರೇಸ್ ಒಂದೂ ಮುಗಿಸಲಿಲ್ಲ. ಆದ್ರ ಡುಕಾಟಿ ಬೈಕ್ ಓಡಿಸೂ ಇನ್ನೊಂದು ಟೀಮ್ ಗ್ರೆಸಿನಿದಾಗ ಮಾರ್ಕ್ವೆಜ್ ತಮ್ಮ ಅಲೆಕ್ಸ್ ಸೆಪಾಂಗ್ ಗೆದ್ದ. ಟೀಮ್ ಸೋತ್ರೂ ಬೈಕ್ ಸೋಲಲಿಲ್ಲ. ಹೋಂಡಾಕ್ಕೂ ಡುಕಾಟಿಗೂ ಇರೂ ಫರಕ ಅದ.

ಸ್ಪ್ಯಾನರ್

2025ರಲ್ಲಿ ಹೋಂಡಾ ಎಲ್ಲಿತ್ತು ಅನ್ನೋದನ್ನೂ ನೋಡೋಣ. ಆ ವರ್ಷದ ಮೇ ಕೊನೆಗೆ ಲುಕಾ ಮರೀನಿ ಸುಜುಕಾ 8 ಗಂಟೆ ರೇಸ್‌ನ ಟೆಸ್ಟ್‌ಗೆ ಅಂತ ಜಪಾನ್‌ಗೆ ಹೋಗಿ ಭಾರೀ ಪೆಟ್ಟು ಮಾಡಿಕೊಂಡರು. ಸೊಂಟ ಜಾರಿತ್ತು, ಎದೆಮೂಳೆಗೆ ಏಟು, ಶ್ವಾಸಕೋಶಕ್ಕೂ. ಫ್ಯಾಕ್ಟರಿ ಬೈಕಿನ ರೈಡರ್, ಅಭಿವೃದ್ಧಿಗೆ ಅತಿ ಹೆಚ್ಚು ಕಿಲೋಮೀಟರ್ ಓಡಿಸುವವರಲ್ಲಿ ಒಬ್ಬ. ಮೂರು ರೇಸ್ ತಪ್ಪಿತು. 2020ರ ಹೋಂಡಾ ಆಗಿದ್ದರೆ ಕೆಲಸ ಅಲ್ಲೇ ನಿಲ್ತಿತ್ತು.

ಈ ಸಲ ನಿಲ್ಲಲಿಲ್ಲ. ಎಪ್ರಿಲಿಯಾದಿಂದ ಬಂದ ರೊಮಾನೊ ಅಲ್ಬೆಸಿಯಾನೊ ತಾಂತ್ರಿಕ ಮುಖ್ಯಸ್ಥರಾಗಿದ್ದರು. ಅಲೇಶ್ ಎಸ್ಪರ್ಗರೊ, ನಕಗಾಮಿ ಟೆಸ್ಟ್ ರೈಡರ್‌ಗಳು. ಎಲ್‌ಸಿಆರ್ ಗ್ಯಾರೇಜ್‌ನಲ್ಲಿ ಝಾರ್ಕೊ, ಅದೇ ಮೇ ತಿಂಗಳಲ್ಲಿ ಲ ಮಾನ್ ಮಳೆಯಲ್ಲಿ ಗೆದ್ದಿದ್ದವರು. ಒಬ್ಬೊಬ್ಬರದ್ದೂ ಬೇರೆ ಬೇರೆ ಶೈಲಿ, ವರದಿ ನಾಲ್ಕು ಕಡೆಯಿಂದ ಬರ್ತಿತ್ತು. ಮೀರ್ ಮೊಟೇಗಿಯಲ್ಲಿ ಮೂರನೇದು, ಸೆಪಾಂಗ್‌ನಲ್ಲಿ ಮತ್ತೆ ಮೂರನೇದು. ಮರೀನಿ ಸಾಕ್ಸೆನ್‌ರಿಂಗ್‌ಗೆ ವಾಪಸ್ ಬಂದರು. ವೆಲೆನ್ಸಿಯಾದ ಕೊನೇ ರೇಸ್‌ನಲ್ಲಿ ಅವರ ಏಳನೇ ಸ್ಥಾನದಿಂದ ಹೋಂಡಾ ರಿಯಾಯಿತಿ ಪಟ್ಟಿಯ (ಹಿಂದುಳಿದ ಕಂಪನಿಗಳಿಗೆ ಹೆಚ್ಚು ಸೌಲಭ್ಯ ಕೊಡೋ ಪಟ್ಟಿ) ಕೆಳಗಿನ ಡಿ ಗುಂಪಿನಿಂದ ಸಿ ಗುಂಪಿಗೆ ಏರಿತು. ಸಿ ಗುಂಪಿಗೆ ಟೆಸ್ಟ್ ಸೌಲಭ್ಯ ಕಡಿಮೆ, ಎಂಜಿನ್ ಮೇಲೂ ಮತ್ತೆ ಕಟ್ಟುಪಾಡು. ಹಾಗಿದ್ದೂ ಅವತ್ತು ಆ ಗ್ಯಾರೇಜ್‌ನವರು ಆ ಏಳನೇ ಸ್ಥಾನಕ್ಕೆ ಸಂಭ್ರಮಪಟ್ಟರು.